ಕೆಂಪಾಗದ ಸೂಜಿ

ಇವತ್ತು ಬೆಳಿಗ್ಗೆ ದೋಸೆ ಹೊಯ್ಯುವಾಗ ಪ್ಲಾಸ್ಟಿಕ್ ಸೌಟು ಕಾವಲಿಗೆ ತಾಗಿ ಕರಗಿತು. ಕೆಟ್ಟ ವಾಸನೆ. ಮೂಗು ಮುಚ್ಚಿಕೊಳ್ಳುವುದು ನ್ಯಾಯ. ನಾನು ಕಣ್ಣು ಮುಚ್ಚಿಕೊಂಡು ನಿಂತೆ. ವಾಸನೆ ಮನುಷ್ಯನನ್ನು ಹಿಂದಿನ ಕಾಲಕ್ಕೆ ಒಯ್ಯುತ್ತದೆ ಎಂದು ಯಾರಾದರೂ ಹೇಳಿದರೆ ‘ಪುರಾವೆ ಕೊಡಿ’ ಎನ್ನುವವಳು ನಾನು. ಆದರೂ ಒಮಾನಿನ ಅಲ್ ಅಜೈಬಾದ ಈ ಅಡುಗೆಮನೆ ಕರಗಿ, ವಾದಿ ಕಬೀರಿನ ಆ ಸಣ್ಣ ಕೋಣೆ ಕಂಡಿತು. ಸ್ಪಿರಿಟ್ ದೀಪದ ನೀಲಿ ಜ್ವಾಲೆ, ಅದರ ಮುಂದೆ ಬಾಗಿದ ಬೋಳುತಲೆ, ಮೂಗಿನ ತುದಿಗೆ ಜಾರಿದ ಕನ್ನಡಕ...

ಹರಳು ಕೂರಿಸುವ ಆಚಾರ್ರು. ಕಾರ್ಕಳದ ಕಡೆಯವರು. ಆಗ ನಾವು ದಾರ್ಸೈಟಿನಲ್ಲಿದ್ದೆವು, ಅವರದು ನಮ್ಮ ಕೆಳಗಿನ ಫ್ಲ್ಯಾಟು. ಕೆಲಸ ಮಾತ್ರ ವಾದಿ ಕಬೀರಿನಲ್ಲಿ, ಎರಡು ಗ್ಯಾರೇಜುಗಳ ನಡುವೆ. ನನ್ನ ಶಾಲೆಯೂ ಅಲ್ಲೇ ಹತ್ತಿರ. ಅಪ್ಪ ಕಾರು ತರುವವರೆಗೆ ಅವರ ಸ್ಟೂಲಿನ ಮೇಲೆ ಕುಳಿತಿರುತ್ತಿದ್ದೆ. ನನಗೆ ಹದಿನಾರು. ಚರ್ಚಾಸ್ಪರ್ಧೆಯ ತಂಡದಲ್ಲಿದ್ದೆ, ಬಹುಮಾನಗಳಿದ್ದವು, ಅಹಂಕಾರವೂ ಇತ್ತು.

‘ಬಂದ್ರಾ ವಕೀಲ್ರೇ? ಇವತ್ತು ಯಾರನ್ನು ಜೈಲಿಗೆ ಹಾಕಿದ್ರಿ?’

ಬೆಳ್ಳಿಯ ಉಂಗುರಕ್ಕೆ ಒಮಾನಿಗಳು ಹೆಚ್ಚಾಗಿ ಕೇಳುತ್ತಿದ್ದುದು ಕಡಲಿನಾಚೆಯ ಇರಾನಿನ ಫಿರೋಜಾ ಕಲ್ಲು. ಅದಕ್ಕೆ ಇಂಗ್ಲಿಷಿನಲ್ಲಿ ಟರ್ಕಾಯ್ಸ್ ಎಂಬ ಹೆಸರು, ಅಂದರೆ ಟರ್ಕಿಯದು. ‘ಟರ್ಕಿಯ ದಾರಿಯಲ್ಲಿ ಯುರೋಪಿಗೆ ಹೋದದ್ದಷ್ಟೇ, ಹುಟ್ಟಿದ್ದು ಅಲ್ಲಲ್ಲ. ನಿಮ್ಮ ಕಲ್ಲಿನ ಹೆಸರೇ ಸುಳ್ಳು ಆಚಾರ್ರೇ,’ ಎಂದು ಓದಿಕೊಂಡು ಹೋಗಿ ಹೇಳಿದ್ದೆ. ‘ಕಾರ್ಕಳದಲ್ಲಿ ಮಾಡಿದ್ದಕ್ಕೆ ಬಾಂಬೆ ಮಿಠಾಯಿ ಅಂತಾರಲ್ಲ, ಅದಕ್ಕೂ ಒಂದು ಕೇಸು ಹಾಕಿ,’ ಎಂದರು.

ಅವರಿಗೆ ಇಷ್ಟವಾಗಿದ್ದುದು ಇರಾನಿನದಲ್ಲ, ಅಪರೂಪಕ್ಕೆ ಕೈಗೆ ಬರುತ್ತಿದ್ದ ಅಮೆರಿಕದ ಕಲ್ಲು. ಅದರ ಮಾತು ಬಂದರೆ ಕೈಯ ಕೆಲಸ ನಿಲ್ಲುತ್ತಿತ್ತು. ಅಲ್ಲಿಯ ಮರುಭೂಮಿಯಲ್ಲಿ ತಾಮ್ರದ ಗುಡ್ಡಗಳಿವೆ, ಎಂದೋ ಬೀಳುವ ಚೂರು ಮಳೆ ಬಂಡೆಯ ಬಿರುಕಿಗೆ ಇಳಿದು, ತಾಮ್ರವನ್ನು ಕರಗಿಸಿಕೊಂಡು, ಯಾರೂ ನೋಡದ ಕತ್ತಲೆಯಲ್ಲಿ ನಿಧಾನವಾಗಿ ನೀಲಿಯಾಗುತ್ತದಂತೆ. ಆ ಮಣ್ಣಿನ ಮೂಲದ ಜನ ಕಲ್ಲಿನ ಸುತ್ತಿಗೆಯಿಂದಲೇ ಅದನ್ನು ಅಗೆದು ತೆಗೆಯುತ್ತಿದ್ದರಂತೆ. ನೆವಾಡಾದ ಕಲ್ಲಿನಲ್ಲಿ ಜೇಡರ ಬಲೆಯಂಥ ಕಪ್ಪು ಗೆರೆ. ಅರಿಜೋನಾದಲ್ಲಿ ಇನ್ನೊಂದು ಗುಡ್ಡವುಂಟು, ದೂರದಿಂದ ಕೈಕಟ್ಟಿ ಮಲಗಿದ ಹೆಂಗಸಿನ ಹಾಗೆ ಕಾಣುವುದು. ಅದರ ಕಲ್ಲಿಗೆ ಗೆರೆಯೇ ಇಲ್ಲ, ಬರೀ ಆಕಾಶ... ಆಚಾರ್ರು ಅಮೆರಿಕ ಕಂಡವರಲ್ಲ. ಆ ಹೆಂಗಸು ನಿದ್ದೆಯಲ್ಲಿ ಉಸಿರಾಡುವುದನ್ನು ಕಂಡವರ ಹಾಗೆ ಹೇಳುತ್ತಿದ್ದರು.

‘ಇದು ಕುಡಿಯುವ ಕಲ್ಲು,’ ಎನ್ನುತ್ತಿದ್ದರು. ಹಾಕಿಕೊಂಡವರ ಬೆವರು, ಎಣ್ಣೆ, ಅತ್ತರು ಎಲ್ಲ ಕುಡಿದು ವರ್ಷಗಳ ಮೇಲೆ ಹಸಿರಾಗುತ್ತದೆ. ಎಷ್ಟೋ ಕಲ್ಲು ಸೀಮೆಸುಣ್ಣದಷ್ಟು ಮೆತ್ತಗಿರುವುದರಿಂದ ವ್ಯಾಪಾರಿಗಳು ಅದಕ್ಕೆ ಪ್ಲಾಸ್ಟಿಕ್ಕಿನಂಥ ಅಂಟು ಕುಡಿಸಿ ಗಟ್ಟಿ ಮಾಡುತ್ತಾರೆ. ಅದನ್ನು ಹಿಡಿಯಲು ಸೂಜಿ. ದೀಪದಲ್ಲಿ ಕೆಂಪಗೆ ಕಾಯಿಸಿ ಕಲ್ಲಿನ ಹಿಂಬದಿಗೆ ಮುಟ್ಟಿಸಿದರೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ನನಗೆ ಅಲ್ಲಿ ಇಷ್ಟವಾಗಿದ್ದುದು ಅದೇ. ಮಾತಿಲ್ಲ ಕತೆಯಿಲ್ಲ, ವಾಸನೆ ಬಂತು, ತೀರ್ಪಾಯಿತು, ಖಲಾಸ್.

ಒಂದು ದಿನ ಅಮೆರಿಕದ ಮುದುಕರೊಬ್ಬರು ಬಂದರು. ಇಲ್ಲಿಯ ಕೆಲಸ ಮುಗಿಸಿ ಊರಿಗೆ ಹೊರಟವರು. ಕರವಸ್ತ್ರದಿಂದ ಉಗುರಿನಷ್ಟು ಅಗಲದ ನೀಲಿ ಕಲ್ಲು ತೆಗೆದರು. ಗೆರೆಯಿಲ್ಲ. ಅವರಪ್ಪ ಆ ಮಲಗಿದ ಹೆಂಗಸಿನ ಗುಡ್ಡದಲ್ಲೇ ತಾಮ್ರದ ಗಣಿಯಲ್ಲಿದ್ದರಂತೆ. ಬಂಡೆಯಿಂದ ತನ್ನ ಕೈಯಾರೆ ಕಿತ್ತದ್ದು ಎಂದು ಮಗನಿಗೆ ಕೊಟ್ಟಿದ್ದರಂತೆ. ‘ಅಪ್ಪ ನನಗೆ ಕೊಟ್ಟದ್ದು ಇದೊಂದೇ. ಉಂಗುರ ಮಾಡಿಕೊಡಿ.’

ಮರುದಿನ ಆಚಾರ್ರು ಕಲ್ಲಿನ ಅಂಚನ್ನು ಸಾಣೆಚಕ್ರಕ್ಕೆ ಹಿಡಿದರು. ಬಂತು ವಾಸನೆ. ಇವತ್ತು ಬಂದದ್ದೇ.

ನಾನು ಸ್ಟೂಲಿನಿಂದ ಹಾರಿಬಿದ್ದೆ. ‘ಅಂಗಡಿಯ ಕಲ್ಲು ಆಚಾರ್ರೇ! ಬಂಡೆಯಿಂದ ಕಿತ್ತದ್ದಾದರೆ ಪ್ಲಾಸ್ಟಿಕ್ ಎಲ್ಲಿಂದ ಬಂತು? ಅವರಪ್ಪ ಸುಳ್ಳು ಹೇಳಿದ್ದಾರೆ!’

‘ಬೊಬ್ಬೆ ಹಾಕಬೇಡ ಮಾರಾಯ್ತಿ,’ ಎಂದರು. ಆ ಸಂಜೆ ವಕೀಲ್ರೇ ಎನ್ನಲಿಲ್ಲ.

ಉಂಗುರ ಒಯ್ಯಲು ಬಂದ ಮುದುಕರು ಅದನ್ನು ಬೆರಳಿಗೆ ಹಾಕಿಕೊಳ್ಳಲಿಲ್ಲ. ಮೇಜಿನ ಮೇಲೇ ಇಟ್ಟು ಇಂಗ್ಲಿಷಿನಲ್ಲಿ ಹೇಳಿದರು: ‘ರಸ್ತೆಬದಿಯ ಅಂಗಡಿಯಲ್ಲಿ ಕೊಂಡದ್ದೆಂದು ನನ್ನ ತಂಗಿ ನಗುತ್ತಾಳೆ. ಅಪ್ಪನ ಎಲ್ಲ ಮಾತಿನ ಹಾಗೆ ಇದೂ ಒಂದು ಕತೆ ಅನ್ನುತ್ತಾಳೆ. ನಿಮ್ಮಲ್ಲಿ ಸೂಜಿ ಇದೆಯಂತೆ. ಊರಿಗೆ ಹೋಗುವ ಮೊದಲು ನನಗೆ ಗೊತ್ತಾಗಬೇಕು.’

ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಚರ್ಚಾಸ್ಪರ್ಧೆಯಲ್ಲಿ ಗೆಲ್ಲುವ ಮೊದಲು ಹೊಡೆದುಕೊಳ್ಳುತ್ತಿದ್ದ ಹಾಗೆಯೇ. ಆಚಾರ್ರು ದೀಪ ಹಚ್ಚಿದರು. ಸೂಜಿ ತೆಗೆದರು. ದಿನಾ ಅದು ಕೆಂಪಾಗುವವರೆಗೆ ಹಿಡಿಯುವವರು ಆ ದಿನ ಜ್ವಾಲೆಯ ಮೇಲೆ ಸುಮ್ಮನೆ ಒಮ್ಮೆ ಆಚೆ, ಒಮ್ಮೆ ಈಚೆ ಆಡಿಸಿ ಕಲ್ಲಿಗೆ ಮುಟ್ಟಿಸಿದರು. ಸೂಜಿ ಬೆಳ್ಳಗೇ ಇತ್ತು.

‘ವಾಸನೆ ಬಂತಾ ಸರ್?’

ಮುದುಕರು ಬಾಗಿದರು. ಮಗುವಿನ ನೆತ್ತಿ ಮೂಸುವ ಹಾಗೆ ತುಂಬ ಹೊತ್ತು ಮೂಸಿದರು. ‘ಇಲ್ಲ,’ ಎಂದು ನನ್ನ ಕಡೆ ತಿರುಗಿದರು. ‘ನಿನ್ನದು ಎಳೆಯ ಮೂಗು. ನೀನೂ ನೋಡು.’

ಆಚಾರ್ರು ನನ್ನನ್ನು ನೋಡಲಿಲ್ಲ. ಸೂಜಿಯನ್ನು ಬಟ್ಟೆಯಲ್ಲಿ ಒರೆಸುತ್ತಲೇ ಇದ್ದರು. ನಾನು ಬಾಗಿದೆ. ಬೆಳ್ಳಿಯ ವಾಸನೆ, ಮುದುಕರ ಕೈಯ ಸಾಬೂನಿನ ವಾಸನೆ...

‘ಬರಲಿಲ್ಲ,’ ಎಂದೆ.

ಅವರು ಉಂಗುರ ಹಾಕಿಕೊಂಡು ಹೊರಗೆ ಹೋಗಿ, ಬಿಚ್ಚಿಟ್ಟ ಇಂಜಿನ್ನುಗಳ ನಡುವೆ ಬಿಸಿಲಿಗೆ ಕೈ ಚಾಚಿ ನಿಂತರು. ಎಷ್ಟು ಹೊತ್ತೋ. ಆ ಬೆರಳಿನ ಮೇಲೆ ಒಂದು ಚೂರು ನೀಲಿ, ಅದರಾಚೆ ಬಿಸಿಲಿಗೆ ಬೆಳ್ಳಗಾದ ಆಕಾಶ. ನನಗೆ ಇವತ್ತಿಗೂ ಕಾಣುವುದು ಅಷ್ಟೇ.

ಅವರ ಟ್ಯಾಕ್ಸಿ ಹೋದ ಕೂಡಲೇ ನಾನು ಶುರುಮಾಡಿದೆ. ‘ನೀವು ಸುಳ್ಳು ಹೇಳಿದ್ರಿ!’

‘ನಾನೆಂತ ಹೇಳಿದೆ? ವಾಸನೆ ಬಂತಾ ಕೇಳಿದೆ. ಇಲ್ಲ ಅಂದದ್ದು ಅವರು.’

‘ಸೂಜಿ ಕೆಂಪಾಗಿರಲಿಲ್ಲ!’

‘ಹೌದು. ಅದನ್ನು ನೀನೂ ನೋಡಿದ್ದಿ,’ ಕನ್ನಡಕ ತೆಗೆದರು. ‘ಮತ್ತೆ ಯಾಕೆ ಹೇಳಲಿಲ್ಲ, ವಕೀಲ್ರೇ?’

ಉತ್ತರವಿಲ್ಲದ ಸಿಟ್ಟು ಬಲು ಕೆಟ್ಟದು. ಮರುದಿನದಿಂದ ಶಾಲೆಯ ಗೇಟಿನಲ್ಲೇ ಅಪ್ಪನಿಗೆ ಕಾದೆ. ಆ ವರ್ಷವೇ ಆಚಾರ್ರು ವೀಸಾ ಮುಗಿಸಿ ಊರಿಗೆ ಹೊರಟರು. ಹೇಳಿಹೋಗಲು ಮೇಲೆ ಬಂದಾಗ ನಾನು ಪರೀಕ್ಷೆಯ ನೆಪ ಹೇಳಿ ಕೋಣೆಯಲ್ಲಿ ಕುಳಿತೆ. ‘ವಕೀಲ್ರು ಓದಲಿ ಓದಲಿ,’ ಎಂದದ್ದು ಬಾಗಿಲಿನಾಚೆಯಿಂದ ಕೇಳಿತು. ಮತ್ತೆ ಆ ಸ್ವರ ಕೇಳಲಿಲ್ಲ. ಹೋದ ವರ್ಷ ಅವರು ತೀರಿಕೊಂಡರೆಂದು ದಾರ್ಸೈಟಿನ ಹಳೆಯ ನೆರೆಯವರು ಅಮ್ಮನಿಗೆ ಫೋನು ಮಾಡಿದರು.

ಅವರು ಮಾಡಿದ್ದು ಸರಿ ಎಂದು ನಾನು ಈಗಲೂ ಪೂರ್ತಿ ಒಪ್ಪುವುದಿಲ್ಲ. ಕೇಳಿ ಬಂದವನಿಗೆ ನಿಜ ಸಿಗಬೇಕು, ಕೇಳಿದ್ದೇ ನಿಜವನ್ನಲ್ಲವೇ? ಈ ವಾದ ಈಗಲೂ ಗಟ್ಟಿಯಾಗಿದೆ. ಆದರೆ ಅದನ್ನು ಅವರೆದುರು ಇಡಬೇಕಿತ್ತು. ಅವರು ಬಾಂಬೆ ಮಿಠಾಯಿಯಂಥದ್ದೇನಾದರೂ ಹೇಳಿ ಅದನ್ನು ಒಡೆಯಬೇಕಿತ್ತು. ಅವರ ಆ ಒಂದು ಪ್ರಶ್ನೆಗಾದರೂ ಇಷ್ಟು ವರ್ಷಗಳಲ್ಲಿ ನಾನು ಒಂದು ಉತ್ತರ ಕಳಿಸಬಹುದಿತ್ತು...

‘ಎಂತದೇ ಅದು ಸುಟ್ಟ ವಾಸನೆ?’ ಚಾವಡಿಯಿಂದ ಅಮ್ಮ ಕೂಗಿದರು. ‘ಕಿಟಕಿಯಾದರೂ ತೆರಿ ಮಾರಾಯ್ತಿ!’

‘ತೆರೆದೆ ಅಮ್ಮ,’ ಎಂದೆ.

ತೆರೆದಿರಲಿಲ್ಲ. ತೆರೆದರೆ ಅದೂ ಹೋಗಿಬಿಡುತ್ತಿತ್ತು.