ಒಳಗೆ ಬಣ್ಣವಿದ್ದ ಕೌದಿ

ಟೈಲರಮ್ಮ ಪ್ರವಾಸಕ್ಕೆ ಹೊರಟಿದ್ದಾಳೆ ಎಂದು ತಿಳಿದಾಗ ಇಡೀ ಕಟ್ಟಡ ಮೂಗಿನ ಮೇಲೆ ಬೆರಳಿಟ್ಟಿತು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು, ಕಂಡವರ ಪ್ಯಾಂಟಿನ ಉದ್ದ ಕಡಿಮೆ ಮಾಡುತ್ತ, ಕಿತ್ತುಹೋದ ಜಿಪ್ ಹಾಕುತ್ತ ಮುದುಕಿಯಾದವಳು ಅವಳು. ಮದುವೆಗೆ ಕರೆದರೂ ಬಾರದವಳು ಗುಡ್ಡದ ಮೇಲಿನ ಹಳೇ ಊರಿಗೆ, ಅದೂ ಹೆಂಗಸರ ಜೊತೆ ಶಾಪಿಂಗಿಗೆ!

"ಸೂರ್ಯ ಇವತ್ತು ಎಲ್ಲಿ ಹುಟ್ಟಿದಾನೆ ನೋಡ್ರಮ್ಮ," ಎಂದಳು ಮೂರನೇ ಮಹಡಿಯ ಬಾಯಿಬಡುಕಿ. ಬಸ್ಸಿನಲ್ಲಿ ಎಲ್ಲರೂ ನಕ್ಕರು. ಟೈಲರಮ್ಮನ ಪಕ್ಕ ಕೂತಿದ್ದ ಸೊಸೆ ಮಾತ್ರ ತಲೆ ತಗ್ಗಿಸಿದಳು.

ಅತ್ತೆಗೆ ಬೇಕಾಗಿದ್ದು ಶಾಪಿಂಗ್ ಅಲ್ಲ, ಒಂದು ಕೌದಿ. ಅವಳದೇ ಕೌದಿ. ಹಾಸಿಗೆಯ ತಲೆದೆಸೆಯಲ್ಲಿ ವರ್ಷಗಟ್ಟಲೆ ಮಡಿಸಿಟ್ಟಿದ್ದ ಆ ಬೂದುಬಣ್ಣದ ಮುದ್ದೆಯನ್ನು ಹಿಂದಿನ ವಾರ ಸೊಸೆ ಹಳೇ ಬಟ್ಟೆಯವನಿಗೆ ಕೊಟ್ಟು, ಅದರ ಜಾಗದಲ್ಲಿ ಮೆತ್ತನೆಯ ಹೊಸ ಕಂಬಳಿ ಇಟ್ಟಿದ್ದಳು. ಪ್ರೀತಿಯಿಂದಲೇ ಇಟ್ಟಿದ್ದಳು, ಪಾಪ. ಅವಳನ್ನು ಬೈಯುವುದಾದರೂ ಹೇಗೆ? ಅದು ಏನೆಂದು ಈ ಮಹಾತಾಯಿ ಒಂದು ದಿನವಾದರೂ ಬಾಯಿಬಿಟ್ಟಿದ್ದರೆ ತಾನೆ!

ಕೌದಿಯ ಒಳಗೆ ಒಂದು ಮಗುವಿನ ಫ್ರಾಕುಗಳಿದ್ದವು. ಟೈಲರಮ್ಮನ ಮೊದಲ ಮಗಳದು. ಜ್ವರ ಬಂದು ವಾರ ಕಳೆಯುವುದರೊಳಗೆ ಹೋಗಿಬಿಟ್ಟಿತ್ತು ಆ ಕೂಸು. ಇನ್ನು ಈ ಮನೆಯಲ್ಲಿ ಆ ಹೆಸರು ಎತ್ತಬೇಡ ಎಂದ ಗಂಡ. ಅವಳೂ ಎತ್ತಲಿಲ್ಲ. ಆಮೇಲೆ ಹುಟ್ಟಿದ ಮಗನಿಗೆ ತನಗೊಬ್ಬ ಅಕ್ಕ ಇದ್ದಳೆಂಬುದೇ ಗೊತ್ತಿಲ್ಲ. ಗಂಡ ಹೋದ ಮೇಲಾದರೂ ಹೇಳಬಹುದಿತ್ತು, ಆದರೆ ಅಷ್ಟು ಹೊತ್ತಿಗೆ ನಾಲಿಗೆಯೇ ಕಟ್ಟಿಹೋಗಿತ್ತು. ಹೊಲಿಯಲು ಮಾತ್ರ ಬರುತ್ತಿತ್ತು, ಹೊಲಿದಳು. ಲೋಕದವರೆಲ್ಲ ಅಂದದ ಬಟ್ಟೆ ಮೇಲೆ ಹಾಕಿ ಚಿಂದಿಯನ್ನು ಒಳಗೆ ತುಂಬಿದರೆ ಇವಳದು ಉಲ್ಟಾ. ಬಿಸಿಲಿಗೆ ಬಣ್ಣ ಹೋದೀತು ಎಂದು ಫ್ರಾಕುಗಳನ್ನು ಒಳಗಿಟ್ಟು, ಎರಡೂ ಕಡೆ ಸಾದಾ ಬಟ್ಟೆ ಕೊಟ್ಟು ಹೊಲಿದಿದ್ದಳು. ಅಂದಿನಿಂದ ಆ ಬಣ್ಣಗಳನ್ನು ಅವಳೂ ನೋಡಿರಲಿಲ್ಲ.

ಹಳೇ ಬಟ್ಟೆಯವನನ್ನು ಹಿಡಿದು ಕೇಳಿದ್ದಕ್ಕೆ, "ಹಳೇ ಕೌದಿ ಅಂದ್ರೆ ಗುಡ್ಡದ ಮೇಲಿನ ಅಂಗಡಿಯವರು ಮುಗಿಬೀಳ್ತಾರಮ್ಮ, ಅಲ್ಲಿಗೇ ಕೊಟ್ಟೆ," ಎಂದಿದ್ದ. ಯಾವ ಅಂಗಡಿ ಎಂಬುದು ಅವನಿಗೆ ನೆನಪಿರಲಿಲ್ಲ.

ಗುಡ್ಡದ ಊರು ಚೆನ್ನಾಗಿಯೇ ಇತ್ತು. ಸವೆದ ಕಲ್ಲಿನ ಮೆಟ್ಟಿಲು, ಎದುರುಬದುರಿನವರು ಕಿಟಕಿಯಿಂದ ಕೈಕುಲುಕುವಷ್ಟು ಕಿರಿದಾದ ಓಣಿ, ಓಣಿಯ ತುಂಬ ಸಾಬೂನು, ಮಣ್ಣಿನ ಬಟ್ಟಲು, ಮರದ ಸೌಟು ಮಾರುವ ಅಂಗಡಿಗಳು. ಹೆಂಗಸರು ಹರಟುತ್ತ, ಚೌಕಾಸಿ ಮಾಡುತ್ತ, ಫೋಟೊ ತೆಗೆಸಿಕೊಳ್ಳುತ್ತ ಹಾಯಾಗಿ ಅಡ್ಡಾಡಿದರು. ಟೈಲರಮ್ಮ ಮಾತ್ರ ಮೊಣಕಾಲು ಹಿಡಿದುಕೊಂಡು ಅಂಗಡಿಯಿಂದ ಅಂಗಡಿಗೆ ಹತ್ತಿದಳು.

"ಬೂದುಬಣ್ಣದ್ದಪ್ಪ. ಅಂಚಿಗೆ ಕೆಂಪು ದಾರ ಇದೆ."

"ಬೂದುಬಣ್ಣ ಯಾರು ತಗೋತಾರಮ್ಮ? ನಮ್ಮಲ್ಲಿ ಎಲ್ಲ ಬಣ್ಣಬಣ್ಣದ್ದೇ," ಎಂದ ಗಡಿಯಾರ ಗೋಪುರದ ಪಕ್ಕದ ಅಂಗಡಿಯವ. "ಬೇಕಿದ್ರೆ ಹುಡುಕ್ಕೊಳ್ಳಿ."

ಅವಳು ಕೌದಿಗಳ ರಾಶಿಯನ್ನು ತಳದ ತನಕ ಮಗುಚಿದಳು. ಬಾಗಿಲಲ್ಲಿ ಗೊಂಚಲಾಗಿ ತೂಗುಬಿಟ್ಟಿದ್ದ ಬಟ್ಟೆಯ ಚೀಲಗಳು ಒಳಗೆ ಬರುವಾಗಲೂ ಹೊರಗೆ ಹೋಗುವಾಗಲೂ ಅವಳ ಕೆನ್ನೆಗೆ ತಾಗಿದವು. ಎರಡು ಸಲವೂ ಕೈಯಿಂದ ಸರಿಸಿದಳು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುವ ಗಾದೆ ಕೇಳಿದಾಗ ನಾವು ನಗುತ್ತೇವೆ. ಇನ್ನು ಮೇಲೆ ನನಗಂತೂ ನಗು ಬಾರದು.

ಡ್ರೈವರ್ ಹಾರ್ನ್ ಹೊಡೆಯುವವರೆಗೂ ಹುಡುಕಿದಳು. ಸೊಸೆ ಕೈಹಿಡಿದು ಬಸ್ಸು ಹತ್ತಿಸಿದಳು.

"ಬಿಡಿ ಅತ್ತೆ, ಅಂಥದೇ ಒಂದು ಹೊಲಿಯೋಣ. ನಾನೂ ಕೂತ್ಕೋತೀನಿ."

ಟೈಲರಮ್ಮ ಕಿಟಕಿಯ ಕಡೆ ತಿರುಗಿದಳು. ಬಸ್ಸು ಇಳಿಜಾರಿನಲ್ಲಿ ಎರಡು ತಿರುವು ಇಳಿದಿತ್ತು. ಹಿಂದಿನ ಸೀಟಿನಿಂದ ಬಾಯಿಬಡುಕಿ ಒಂದು ಚೀಲವನ್ನು ತಂದು ಅವಳ ಮಡಿಲಿಗೆ ಹಾಕಿದಳು.

"ಟೈಲರಮ್ಮ, ಇದೊಂದು ನೋಡಿ. ಚೀಲ ಏನೋ ಮುದ್ದಾಗಿದೆ, ಆದ್ರೆ ಈ ಜೇಬು! ಯಾವ ಪುಣ್ಯಾತ್ಗಿತ್ತಿ ಹೊಲಿದಳೋ, ಹಳದಿ ಬಟ್ಟೆಗೆ ಕರೀ ದಾರ. ಬಿಚ್ಚಿ ನೀಟಾಗಿ ಹಾಕ್ಕೊಡಿ."

ಅಭ್ಯಾಸಬಲ, ಟೈಲರಮ್ಮನ ಕೈ ಸೆರಗಿನ ಗಂಟಿನಲ್ಲಿದ್ದ ಪುಟ್ಟ ಕತ್ತರಿಗೆ ಹೋಯಿತು. ಹೋದದ್ದು ಅಲ್ಲೇ ನಿಂತಿತು.

ಎಷ್ಟೋ ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಹಳದಿ ಫ್ರಾಕಿನ ಜೇಬು ಹರಿದಿತ್ತು. ಆಡಲು ಹೋಗಬೇಕೆಂದು ಮಗಳು ಒಂದೇ ಸಮನೆ ಕುಣಿಯುತ್ತಿದ್ದಳು. ಸೂಜಿಯಲ್ಲಿ ಪೋಣಿಸಿದ್ದ ಕರೀ ದಾರದಲ್ಲೇ, ಮೈಮೇಲಿದ್ದ ಫ್ರಾಕಿಗೇ ನಾಲ್ಕು ಹೊಲಿಗೆ ಹಾಕಿದ್ದಳು. "ಸಂಜೆ ಬಿಚ್ಚಿ ಸರಿಯಾಗಿ ಹೊಲೀತೀನಿ ಕಂದ, ಈಗ ಓಡು." ಸಂಜೆಗೆ ಮೈ ಕೆಂಡವಾಗಿತ್ತು.

"ಬಿಚ್ಚಲ್ಲ," ಎಂದಳು ಟೈಲರಮ್ಮ. ಆಮೇಲೆ ಬಸ್ಸೇ ಬೆಚ್ಚುವಂತೆ ಕೂಗಿದಳು. "ನಾನೇ ಕಣೇ ಹೊಲಿದಿದ್ದು! ನನ್ನ ಮಗಳದು ಇದು! ನಿಲ್ಲಿಸಪ್ಪಾ, ಬಸ್ ತಿರುಗಿಸು!"

"ಯಾವ ಮಗಳು, ಅತ್ತೆ?" ಎಂದಳು ಸೊಸೆ.

ಬಸ್ಸು ತಿರುಗಿತು. ಆ ವಯಸ್ಸಿನಲ್ಲಿ ಆ ಮೆಟ್ಟಿಲುಗಳನ್ನು ಅವಳು ಓಡಿಕೊಂಡೇ ಹತ್ತಿದಳು. ಗೋಪುರದ ಪಕ್ಕದ ಅಂಗಡಿಯ ಬಾಗಿಲಲ್ಲಿ ಈಗ ಬರೀ ಕೊಕ್ಕೆ ತೂಗುತ್ತಿತ್ತು.

"ಆ ಚೀಲಗಳಾ? ಕೌದಿ ಬಿಚ್ಚಿದ್ರೆ ಒಳಗೆ ಎಂಥ ಬಣ್ಣ ಅಂತೀರಿ!" ಅಂಗಡಿಯವ ಖುಷಿಯಲ್ಲಿದ್ದ. "ನಿಮ್ಮ ಹಿಂದೆಯೇ ಎರಡು ಬಸ್ಸು ಬಂತು ನೋಡಿ, ಒಂದೂ ಉಳೀಲಿಲ್ಲ. ಯಾವ ಊರಿನವರೋ ಏನೋ."

ಟೈಲರಮ್ಮ ಹೊಸ್ತಿಲಲ್ಲೇ ಕುಸಿದಳು. "ನನ್ನ ಕೂಸನ್ನ ಊರೂರಿಗೆ ಹಂಚಿಬಿಟ್ಟೆಯಲ್ಲೋ," ಎಂದು ಎದೆ ಬಡಿದುಕೊಂಡು ಅತ್ತಳು. ಮಗಳು ಸತ್ತ ದಿನ ಅಳಬೇಕಾಗಿದ್ದ ಅಳು ಅದು. ಸೊಸೆ ಅವಳನ್ನು ತಬ್ಬಿಕೊಂಡು ಪಕ್ಕದಲ್ಲೇ ನೆಲಕ್ಕೆ ಕೂತಳು. ಬಾಯಿಬಡುಕಿ ತನ್ನ ಹಳದಿ ಚೀಲವನ್ನು ಅವರ ಹತ್ತಿರ ಇಟ್ಟು ದೂರ ಹೋಗಿ ನಿಂತಳು.

ಸಿಕ್ಕಿದ್ದು ಅದೊಂದೇ. ಕರೀ ದಾರ ಇನ್ನೂ ಹಾಗೆಯೇ ಇದೆ. ಈಗ ಟೈಲರಮ್ಮ ರಸ್ತೆಗಿಳಿದರೆ ಯಾರ ಮುಖವನ್ನೂ ನೋಡುವುದಿಲ್ಲ, ಎಲ್ಲರ ಹೆಗಲ ಚೀಲವನ್ನೇ ನೋಡುತ್ತಾಳೆ. ಜೊತೆಗಿರುವ ಸೊಸೆಯ ಕಣ್ಣೂ ಅಲ್ಲೇ.

"ಅಗೋ ಅತ್ತೆ, ಅಲ್ಲಿ, ನೀಲಿ ಹೂವಿಂದು!"

ಟೈಲರಮ್ಮ ಜನರನ್ನು ತಳ್ಳಿಕೊಂಡು ಹತ್ತಿರ ಹೋಗುತ್ತಾಳೆ, ಬಗ್ಗಿ ನೋಡುತ್ತಾಳೆ, ಹಿಂದಿರುಗುತ್ತಾಳೆ.

"ಅಲ್ಲ ಕಣಮ್ಮ. ಅದು ಬೇರೆ ಯಾರದೋ ಮಗಳದು."