ಮೇಲಿನ ಪ್ರತಿ ಯಾರಿಗೆ

ಅರವತ್ತರ ದಶಕದಲ್ಲಿ ಹೆಬ್ಬಾಳದ ಹಳೆಯ ಬಂಗಲೆಯೊಂದರಲ್ಲಿ ವಿದೇಶಾಂಗ ವಿಷಯಗಳ ಅಧ್ಯಯನ ಸಂಸ್ಥೆಯಿತ್ತು. ನಾನು ಅಲ್ಲಿ ಟೈಪಿಸ್ಟ್. ಕೊಡಿಗೇಹಳ್ಳಿಯಿಂದ ನಡೆದೇ ಹೋಗುತ್ತಿದ್ದೆ. ಯಾವ ಸರ್ಕಾರದ ಹಂಗೂ ಇಲ್ಲದ ಸಂಸ್ಥೆ ಅದು; ಸರ್ಕಾರಗಳು ಬಾಯಿಬಿಟ್ಟು ಆಡಲಾರದ ಮಾತನ್ನು ಅಲ್ಲಿ ಆಡಬಹುದಿತ್ತು. "ನಾಲ್ಕು ಜನ ಮೇಷ್ಟ್ರು ಸೇರ್ಕೊಂಡು ಯುದ್ಧ ನಿಲ್ಲಿಸ್ತಾರಂತೆ" ಎಂದು ನಮ್ಮಪ್ಪ ಗೇಲಿ ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಮ್ಮೆ, ಗಡಿಗಾಗಿ ಕಿತ್ತಾಡುತ್ತಿದ್ದ ಎರಡು ಹೊರದೇಶಗಳಿಂದ ಇಬ್ಬರು ನಿವೃತ್ತ ರಾಯಭಾರಿಗಳು ಬಂದರು. ಬಂದದ್ದು ಖಾಸಗಿಯಾಗಿ, ಬಿಗುಮಾನ ಮಾತ್ರ ಸರ್ಕಾರದ್ದೇ. ಎರಡು ದಿನ ಬೇರೆ ಬೇರೆ ಕೋಣೆಯಲ್ಲಿ ಕೂತು ನಮ್ಮ ನಿರ್ದೇಶಕರ ಮೂಲಕವೇ ಮಾತಾಡಿದರು. ಮೂರನೆಯ ದಿನ ಬೆಳಗ್ಗೆ ನಿರ್ದೇಶಕರು ಒಪ್ಪಂದದ ಕರಡು ಬರೆದುಕೊಟ್ಟರು. ನಾನು ಕಾರ್ಬನ್ ಇಟ್ಟು ಟೈಪ್ ಮಾಡಿ, ನಮ್ಮ ಮನೆಗಳ ರೂಢಿಯಂತೆ ವಯಸ್ಸಿನಲ್ಲಿ ಹಿರಿಯರಿಗೆ ಮೇಲಿನ ಪ್ರತಿ, ಕಿರಿಯರಿಗೆ ಅದರಡಿಯ ಮಸುಕು ಕಾರ್ಬನ್ ಪ್ರತಿ ಕೊಟ್ಟೆ. ಅಲ್ಲೇ ಎಡವಟ್ಟಾಯಿತು. "ನಮ್ಮ ದೇಶವೇನು ಅವರದಕ್ಕಿಂತ ಕೆಳಗಿನದೇ?" ಎಂದು ಕಿರಿಯರು ಪೆಟ್ಟಿಗೆ ಕಟ್ಟತೊಡಗಿದರು. ಯಶವಂತಪುರದಿಂದ ಸಂಜೆಗೆ ರೈಲಿತ್ತು.

ನಿರ್ದೇಶಕರು ತಲೆ ಮೇಲೆ ಕೈಹೊತ್ತು ಕೂತರು. "ಏನಮ್ಮಾ ಹಿಂಗ್ ಮಾಡ್ಬಿಟ್ಟೆ. ಆರ್ ತಿಂಗ್ಳು ಕಾಗ್ದ ಬರ್ದು ಕರೆಸಿದ್ದು ಕಣಮ್ಮ."

ತಪ್ಪು ನನ್ನದೇ. ನಾಚಿಕೆಯಾಯಿತು, ಸಿಟ್ಟೂ ಬಂತು. "ಇಬ್ರಿಗೂ ಮೇಲಿನ ಪ್ರತೀನೇ ಕೊಡೋಣ ಬಿಡಿ ಸಾರ್. ಇನ್ನೊಂದ್ಸಲ ಹೊಡೀತೀನಿ" ಎಂದೆ.

ಹನ್ನೆರಡು ಪುಟ. ಊಟ ಬಿಟ್ಟು ಹೊಡೆದೆ. ಹೊಸ ಪ್ರತಿ ಹಿಡಿದ ಕಿರಿಯರು, "ಅವರ ಕೈಲಿರುವುದೂ ಇದೂ ಒಂದೇ ಅನ್ನುವುದಕ್ಕೆ ಏನು ಖಾತ್ರಿ?" ಎಂದರು. ನಾನು ಬೆದರಲಿಲ್ಲ. ಅಕ್ಕಪಕ್ಕ ಕೂತು ಓದಿ ನೋಡಿಕೊಳ್ಳಿ ಎಂದು ನನ್ನ ಅರೆಬರೆ ಇಂಗ್ಲಿಷಿನಲ್ಲೇ ಹೇಳಿದೆ.

ಬೇರೆ ದಾರಿಯಿರಲಿಲ್ಲ, ಮೊದಲ ಸಲ ಒಂದೇ ಕೋಣೆಯಲ್ಲಿ ಕೂತರು. ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ತಮ್ಮ ಪ್ರತಿಯ ಮೇಲೆ ಬೆರಳಾಡಿಸುವುದು. ನಾಲ್ಕನೆಯ ಪುಟಕ್ಕೆ ಓದು ನಿಂತು ವಾದ ಶುರುವಾಯಿತು. ನಿರ್ದೇಶಕರು ಒಳಗೆ ಹೋಗಹೊರಟಾಗ ನಾನೇ ತಡೆದೆ. ಆಮೇಲೆ ನಗುವೂ ಕೇಳಿಸಿತು. ರೈಲು ಹೊರಟು ಹೋಯಿತು.

ಕತ್ತಲಾಗುವ ಮುಂಚೆ ಇಬ್ಬರೂ ಜೊತೆಯಾಗಿ ಬಂದು ನನ್ನ ಮೇಜಿನ ಮೇಲೆ ಒಂದು ಹಾಳೆ ಇಟ್ಟರು. ನನ್ನ ಏಳು ಟೈಪಿಂಗ್ ತಪ್ಪುಗಳ ಪಟ್ಟಿ, ಕೆಳಗೆ ಇಬ್ಬರ ಸಹಿ. ಬೇರೆ ದಿನವಾಗಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ. ಅವತ್ತು ಕಣ್ಣು ತುಂಬಿಬಂತು. ಅವರಿಬ್ಬರೂ ಒಟ್ಟಿಗೆ ಸಹಿ ಹಾಕಿದ ಮೊದಲ ಕಾಗದ ಅದು.