ಪೀಣ್ಯದ ಶೆಡ್ಡಿನಲ್ಲಿ ಒಂದು ‘ಆಗಲ್ಲ’

ಕಳೆದ ಬುಧವಾರ ಪೀಣ್ಯದ ಒಂದು ಶೆಡ್ಡಿನಲ್ಲಿ, ಗಿರಾಕಿಯ ಎದುರಿಗೇ, ಮ್ಯಾನೇಜರ್ ಪಕ್ಕದಲ್ಲೇ ನಿಂತು, ನನ್ನ ಹೆಂಡತಿ ‘ಆಗಲ್ಲ’ ಅಂದುಬಿಟ್ಟಳು.

ಅಷ್ಟೇ. ಒಂದೇ ಮಾತು. ಇದರಲ್ಲೇನು ವಿಶೇಷ ಅನ್ನುತ್ತೀರಾ? ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡಿದವರನ್ನು ಕೇಳಿ ನೋಡಿ. ಅಲ್ಲಿ ‘ಚೆಕ್ ಮಾಡ್ತೀವಿ’ ಇದೆ. ‘ರೋಡ್‌ಮ್ಯಾಪಲ್ಲಿದೆ’ ಇದೆ. ‘ನೆಕ್ಸ್ಟ್ ರಿಲೀಸಲ್ಲಿ ಬರುತ್ತೆ ಸಾರ್’ ಅಂತೂ ಧಾರಾಳವಾಗಿದೆ. ‘ಆಗಲ್ಲ’ ಮಾತ್ರ ಇಲ್ಲ. (ಹೆಣ್ಣು ನೋಡಿ ಹೋದವರು ‘ಊರಿಗೆ ಹೋಗಿ ತಿಳಿಸ್ತೀವಿ’ ಅಂದ ಹಾಗೆ. ಎಲ್ಲರಿಗೂ ಅರ್ಥವಾಗುತ್ತದೆ, ಯಾರೂ ಬಾಯಿ ಬಿಡುವುದಿಲ್ಲ.)

ಅದೂ ಇವಳು ಪ್ರೊಬೇಷನ್‌ನಲ್ಲಿರುವವಳು. ಈ ತಿಂಗಳ ಕೊನೆಗೆ ಕೆಲಸ ಕಾಯಂ ಆಗಬೇಕು.

ಗಿರಿಜೆ ಈ ಅಂಕಣದ ಓದುಗರಿಗೆ ಹೊಸಬಳಲ್ಲ. ನಾನು ಕಳೆದುಕೊಂಡ ಕನ್ನಡಕದ ಕಥೆಯಲ್ಲಿ, ಹಾಲು ಉಕ್ಕಿಸಿದ ಕಥೆಯಲ್ಲಿ ಬಂದುಹೋಗಿದ್ದಾಳೆ. ಆದರೆ ಆಕೆ ಗಣಿತದಲ್ಲಿ ಪಿಎಚ್.ಡಿ. ಮಾಡಿದವಳು ಎಂದು ಎಲ್ಲೂ ಬರೆದಿರಲಿಲ್ಲ. ಬರೆದರೆ ಯಾವುದರಲ್ಲಿ ಎಂದು ಕೇಳುತ್ತೀರಿ, ನಾನು ರೆಪ್ರೆಸೆಂಟೇಷನ್ ಥಿಯರಿ ಎನ್ನಬೇಕಾಗುತ್ತದೆ. ನೋಡಿ, ಈಗಲೇ ಅರ್ಧ ಜನ ಪುಟ ತಿರುವಿದಿರಿ.

ಉಳಿದವರಿಗೆ ಹೇಳುತ್ತೇನೆ. ದಾವಣಗೆರೆಯ ವಕೀಲರ ಮನೆಯ ಹುಡುಗಿ ಈಕೆ. ಪಿಎಚ್.ಡಿ. ಮುಗಿಸಿ ಬಂದು ಡಿಗ್ರಿ ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಮಾಡಿದಳು. ಅವಳ ಸ್ವಂತ ವಿಷಯ ಯಾವ ಸಿಲಬಸ್ಸಿನಲ್ಲೂ ಇರಲಿಲ್ಲ. ನಾಮಕರಣಕ್ಕೆ ಹೋದರೂ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ನಿಂತರೂ ಒಂದೇ ಪ್ರಶ್ನೆ: ‘ಅದ್ರಿಂದ ಏನ್ ಉಪಯೋಗ ಮೇಡಂ?’ ಆಕೆ ನಕ್ಕು ‘ಏನೂ ಇಲ್ಲ’ ಅನ್ನುತ್ತಿದ್ದಳು. ಸಿಟ್ಟು ನನಗೆ ಬರುತ್ತಿತ್ತು.

ಈ ವರ್ಷ ಎಲೆಕ್ಟ್ರಾನಿಕ್ ಸಿಟಿಯ ಒಂದು ಸಣ್ಣ ಕಂಪನಿ ಅವಳನ್ನು ಹುಡುಕಿಕೊಂಡು ಬಂತು. ಯಂತ್ರಗಳಿಗೆ ಸೆನ್ಸರ್ ಅಂಟಿಸಿ, ಅವುಗಳ ನಡುಕ ಕೇಳಿಸಿಕೊಂಡು, ಬೇರಿಂಗ್ ಕೆಡುವುದನ್ನು ಮೊದಲೇ ಹೇಳುವುದು ಅವರ ಕೆಲಸ. ಅದಕ್ಕೆ ಬಳಸುವ ವಿದ್ಯೆಯ ಹೆಸರು ಟೋಪೋಲಾಜಿಕಲ್ ಡೇಟಾ ಅನಾಲಿಸಿಸ್. ಆ ವಿದ್ಯೆಯ ಬುಡ ಹುಡುಕುತ್ತಾ ಹೋದರೆ ಅಲ್ಲಿ ಇವಳ ವಿಷಯ ಕೂತಿದೆಯಂತೆ. ಕೆಲಸ ಸಿಕ್ಕಿತೆಂದು ಫೋನ್ ಬಂದ ದಿನ ಸಿಂಗಸಂದ್ರದ ನಮ್ಮ ಅಡುಗೆಮನೆಯಲ್ಲಿ ನಿಂತು ಅತ್ತಳು. ನಲವತ್ತೇಳು ವಯಸ್ಸು. ಇದು ಹೋದರೆ ಇಂಥದ್ದು ಮತ್ತೆ ಸಿಗುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತು.

ಶೆಡ್ಡು ರಾಜಣ್ಣನದು. ನನ್ನ ಕಾಲೇಜು ಗೆಳೆಯ. ಅವರಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಪಂಪಿನ ಶಾಫ್ಟು ಮಾಡುತ್ತಾನೆ. ಗಿರಿಜೆಯ ಕಂಪನಿಯ ಹೆಸರನ್ನು ಅವನಿಗೆ ಹೇಳಿದವನು ನಾನೇ ಆದ್ದರಿಂದ ಡೆಮೊ ನೋಡಲು ನಾನೂ ಹೊರಟೆ. ಸಿಂಗಸಂದ್ರದಲ್ಲಿ ಮೆಟ್ರೊ ಹತ್ತಿ, ಆರ್.ವಿ. ರೋಡಿನಲ್ಲಿ ಬದಲಾಯಿಸಿ, ಪೀಣ್ಯಕ್ಕೆ. ದಾರಿಯಲ್ಲಿ ಕೇಳಿದೆ, ‘ಅದೇನು ಮಾಡ್ತೀರಿ ನೀವು? ಈ ದಡ್ಡನಿಗೂ ಅರ್ಥ ಆಗೋ ಹಾಗೆ ಹೇಳು.’

ನನ್ನ ಕೈಯಲ್ಲಿದ್ದ ಪೇಪರ್ ಕಿತ್ತುಕೊಂಡು ಪೆನ್ನಿನಲ್ಲಿ ದುಂಡಗೆ ಚುಕ್ಕಿ ಇಟ್ಟಳು. (ನನ್ನ ಅಂಕಣದ ಮೇಲೆಯೇ. ಅದರ ಉಪಯೋಗ ಏನೆಂದು ಅವಳು ಕೇಳಲಿಲ್ಲ, ಪುಣ್ಯ.)

‘ಯಂತ್ರದ ನಡುಕಾನ ಹಿಂಗೆ ಚುಕ್ಕಿ ಮಾಡ್ತೀವಿ. ಒಂದೊಂದು ಚುಕ್ಕಿನೂ ಕಾವಲಿ ಮೇಲಿನ ದೋಸೆ ಹಿಟ್ಟಿನ ಥರ ಹರಡ್ತಾ ಹೋಗ್ಲಿ. ಪಕ್ಕದ್ದಕ್ಕೆ ತಾಗಿ ಬಳೆ ಆಗುತ್ತೆ, ಮಧ್ಯ ಒಂದು ತೂತು ಉಳಿಯುತ್ತೆ. ಇನ್ನೂ ಹರಡಿದ್ರೆ ತೂತು ಮುಚ್ಚಿಹೋಗುತ್ತೆ. ತೂತು ಹುಟ್ಟಿದಾಗಿಂದ ಮುಚ್ಚೋವರೆಗೆ ಒಂದು ಗೆರೆ ಎಳೀರಿ. ಗೆರೆ ಉದ್ದ ಇದ್ರೆ ತೂತು ನಿಜ. ಗಿಡ್ಡ ಇದ್ರೆ ಬರೀ ಗದ್ದಲ.’

ಬೇರಿಂಗ್ ಚೆನ್ನಾಗಿದ್ದರೆ ನಡುಕ ಸುತ್ತಿ ಸುತ್ತಿ ಅದೇ ದಾರಿಗೆ ಬರುತ್ತದೆ, ಚುಕ್ಕಿಗಳು ಬಳೆಯಂತೆ ಕೂರುತ್ತವೆ, ಗೆರೆ ಉದ್ದವಾಗಿರುತ್ತದೆ. ಕೆಡತೊಡಗಿದರೆ ಬಳೆ ಕಲಸಿಹೋಗುತ್ತದೆ. ಇಷ್ಟು ನನಗೂ ಅರ್ಥವಾಯಿತು.

‘ಇದ್ರಲ್ಲಿ ನಿನ್ನ ವಿಷಯ ಎಲ್ಲಿ ಬಂತು?’

‘ಎಲ್ಲಾನೂ ಬಿಡಿ ಬಿಡಿ ಗೆರೆ ಮಾಡ್ಬೋದು ಅಂತ ಏನ್ ಗ್ಯಾರಂಟಿ? ಒಂದು ಹಂತದ ತೂತು ಮುಂದಿನ ಹಂತದಲ್ಲಿ ಏನಾಯ್ತು ಅಂತ ಬಾಣ ಹಾಕ್ತಾ ಹೋದ್ರೆ ಒಂದು ಸಾಲು ಆಗುತ್ತೆ. ಅಂಥ ಸಾಲನ್ನ ಇನ್ನು ಒಡೆಯೋಕೆ ಆಗದಷ್ಟು ಸಣ್ಣ ತುಂಡು ಮಾಡೋದೇ ನಮ್ಮ ಕಸುಬು. ನೇರ ಸಾಲಾದ್ರೆ ಆ ತುಂಡೆಲ್ಲ ಬರೀ ಗೆರೆ. ಇಲ್ಲಿ ಶುರು, ಅಲ್ಲಿ ಮುಕ್ತಾಯ. ಬೇರೆ ಥರದ್ದು ಇರೋಕೇ ಸಾಧ್ಯ ಇಲ್ಲ. ನಮ್ಮೋರು ಇದನ್ನ ದಶಕಗಳ ಹಿಂದೇನೇ ಸಾಧಿಸಿದ್ರು.’

ಹಾಗೆ ಸಾಧಿಸಿದವರ ತಲೆಯಲ್ಲಿ ಬೇರಿಂಗೂ ಇರಲಿಲ್ಲ, ಪೀಣ್ಯವೂ ಇರಲಿಲ್ಲ. ಚೆಂದ ಕಂಡಿತು, ಬೆನ್ನು ಹತ್ತಿದರು. ಆಮೇಲೆ ಇನ್ಯಾರೋ ಇನ್ಯಾವುದೋ ಕಡೆಯಿಂದ ಡೇಟಾ ಹೊತ್ತುಕೊಂಡು ಬಂದರೆ, ಬೇಕಾದ ಪ್ರಮೇಯ ಸಿದ್ಧವಾಗಿ ಕಾಯುತ್ತಿತ್ತು. ಮನೆಗೆ ಪಾಯ ತೋಡಿದವರಿಗೆ ಕಲ್ಲು ಕಟ್ಟಿದ ಬಾವಿ ಸಿಕ್ಕಂತೆ. ನನಗಂತೂ ಮೈ ಜುಮ್ಮೆಂದಿತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಇದನ್ನು ಕೇಳಲು ಮೆಟ್ರೊ ಹತ್ತಬೇಕಾಯಿತು.

ಶೆಡ್ಡಿನ ಬಾಗಿಲಲ್ಲೇ ಮ್ಯಾನೇಜರ್ ಕಾರ್ತಿಕ್ ನಿಂತಿದ್ದ. ಒಳ್ಳೆಯ ಹುಡುಗ. ಬಾಯಲ್ಲಿ ‘ಡೆಫಿನೆಟ್ಲಿ ಸಾರ್’ ಬಿಟ್ಟು ಬೇರೆ ಬರುವುದಿಲ್ಲ, ಅಷ್ಟೇ. ಗಿರಿಜೆಯನ್ನು ಪಕ್ಕಕ್ಕೆ ಕರೆದು, ‘ಮೇಡಂ, ಆ ಎರಡು ನಾಬ್ ವಿಷ್ಯ ಕ್ಲೈಂಟ್ ಮುಂದೆ ಬೇಡ, ಪ್ಲೀಸ್. ಆಫೀಸಲ್ಲಿ ಡಿಸ್ಕಸ್ ಮಾಡೋಣ’ ಅಂದ. ಆಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಎರಡು ನಾಬ್ ಅಂದರೆ ಏನು? ಪೀಣ್ಯದಲ್ಲಿ ಶೆಡ್ಡಿಗೆ ಶೆಡ್ಡು ಅಂಟಿಕೊಂಡಿರುತ್ತದೆ. ರಾಜಣ್ಣನ ಗೋಡೆಯ ಆಚೆ ಪವರ್ ಪ್ರೆಸ್ ಇಟ್ಟವನಿದ್ದಾನೆ. ಅವನು ತಗಡಿಗೆ ಹೊಡೆದರೆ ಇವನ ಟೇಬಲ್ಲಿನ ಟೀ ಅಲ್ಲಾಡುತ್ತದೆ. ಸೆನ್ಸರಿಗೆ ನಮ್ಮನೆ ನಡುಕ, ಪಕ್ಕದ ಮನೆ ನಡುಕ ಎಂಬ ಭೇದ ಗೊತ್ತಿಲ್ಲ. ಬಳೆಯ ನಟ್ಟನಡುವೆ ಅಡ್ನಾಡಿ ಚುಕ್ಕಿಗಳು ಬಂದು ಬೀಳುತ್ತವೆ. ಹಾಗಾಗಿ ರೇಡಿಯೊಗಿರುವಂತೆ ತಿರುಗಿಸುವ ಎರಡು ಗುಂಡಿ: ಚುಕ್ಕಿ ಹರಡುವ ನಾಬ್ ಒಂದು, ಒಂಟಿ ಚುಕ್ಕಿಗಳನ್ನು ಎಷ್ಟು ಕೈಬಿಡಬೇಕು ಎನ್ನುವ ನಾಬ್ ಇನ್ನೊಂದು. ಕಂಪನಿಯ ಹೊಸ ಸ್ಕ್ರೀನಿನಲ್ಲಿ ಎರಡಕ್ಕೂ ಸೇರಿಸಿ ಒಂದೇ ಸೊಗಸಾದ ಗೆರೆಗಳ ಚಿತ್ರ ಬರುತ್ತಿತ್ತು. ಕೆಳಗೆ ಹಸಿರು ದೀಪ.

ರಾಜಣ್ಣ ಬಗ್ಗಿ ನೋಡಿದ. ‘ಪಕ್ಕದೋನು ಎಷ್ಟಾದ್ರೂ ಒಡ್ಕಳ್ಳಿ, ನಾಬು ಎಲ್ಲಾದ್ರೂ ಇರ್ಲಿ, ಈ ಗೆರೆ ನಂಬ್ಬೋದಾ?’

‘ಡೆಫಿನೆಟ್ಲಿ ಸಾರ್.’

‘ಅಂಗಾದ್ರೆ ಇದು ಹಸಿರು ತೋರ್ಸ್ತಿರೋಗಂಟ ನಾನು ಮಷೀನ್ ನಿಲ್ಸಲ್ಲ.’ ಆಮೇಲೆ ಗಿರಿಜೆಯ ಕಡೆ ತಿರುಗಿದ. ‘ಏನಕ್ಕಾ, ಸರೀನಾ?’

‘ಆಗಲ್ಲ ರಾಜಣ್ಣ. ಎರಡಕ್ಕೂ ಸೇರಿಸಿ ಅಂಥ ಗೆರೆ ಆಗಲ್ಲ.’

ಇಂಥ ಹೊತ್ತಿನಲ್ಲಿ ಸುತ್ತ ಮೌನ ಆವರಿಸಬೇಕು. ಪಕ್ಕದ ಪ್ರೆಸ್ ದಬ್ ಎಂದಿತು.

‘ಮೇಡಂ ಏನ್ ಹೇಳ್ತಿದ್ದಾರೆ ಅಂದ್ರೆ ಸಾರ್, ಇನ್ನೂ ಸ್ವಲ್ಪ ಫೈನ್ ಟ್ಯೂನಿಂಗ್...’ ಎಂದು ಕಾರ್ತಿಕ್ ಶುರು ಮಾಡಿದ.

‘ತಡೀಪ್ಪಾ. ಅಕ್ಕಾ, ಆಗಲ್ಲ ಅಂದ್ರೆ ನಿಮ್ಮೋರಿಗೆ ಇನ್ನೂ ಆಗಿಲ್ಲ ಅಂತಲಾ, ಇಲ್ಲಾ ಯಾರ ಕೈಲೂ ಆಗಲ್ಲ ಅಂತಲಾ?’

‘ಯಾರ ಕೈಲೂ ಆಗಲ್ಲ. ಯಾವತ್ತೂ ಆಗಲ್ಲ. ಅದನ್ನೂ ಸಾಧಿಸಿಟ್ಟಿದ್ದಾರೆ.’

ಕಬ್ಬಿಣದ ಮೇಲೆ ಗುರುತು ಹಾಕುವ ಚಾಕ್‌ಪೀಸ್ ಎತ್ತಿಕೊಂಡು ಆಕೆ ನೆಲದ ಮೇಲೆ ಕೂತೇಬಿಟ್ಟಳು. ಮೊದಲು ಬಾಣಗಳ ಒಂದು ನೇರ ಸಾಲು. ಅದರ ಪಕ್ಕದಲ್ಲಿ ಅಡ್ಡಕ್ಕೂ ಉದ್ದಕ್ಕೂ ಬಾಣಗಳ ಒಂದು ಬಲೆ.

‘ಒಂದೇ ನಾಬ್ ಆದ್ರೆ ಈ ಸಾಲು. ತುಂಡೆಲ್ಲ ಗೆರೆ. ಎರಡಾದ್ರೆ ಈ ಬಲೆ. ಇದನ್ನ ಒಡೆದ್ರೆ ಬರೋ ತುಂಡುಗಳಿಗೆ ಲಂಗು ಲಗಾಮಿಲ್ಲ. ಇಂತಿಂಥವೇ ಬರ್ತವೆ ಅಂತ ಪಟ್ಟಿ ಕೊಡೋ ದಾರಿಯೇ ಇಲ್ಲ. ನಮ್ಮೋರು ಇದಕ್ಕೆ ವೈಲ್ಡ್ ಅಂತಲೇ ಹೆಸರಿಟ್ಟಿದ್ದಾರೆ.’

‘ಮತ್ತೆ ಸ್ಕ್ರೀನ್ ಮೇಲೆ ಬಂದಿರೋದು?’ ಎಂದ ರಾಜಣ್ಣ.

‘ಬಲೇಲಿರೋದ್ರಲ್ಲಿ ಎಷ್ಟನ್ನೋ ಬಿಟ್ಟು ಚೆಂದ ಮಾಡಿ ಬರೆದಿರೋದು. ಏನ್ ಬಿಟ್ಟಿದೆ ಅಂತ ಅದು ಹೇಳಲ್ಲ. ಬೇರಿಂಗ್ ಹೋಗೋ ಸುದ್ದಿ ಆ ಬಿಟ್ಟಿದ್ರಲ್ಲೇ ಇದ್ರೆ?’

ಕಾರ್ತಿಕ್ ಮುಖ ನೋಡಲಾಗಲಿಲ್ಲ. ಗಿರಿಜೆ ಮಾತ್ರ ನಿಲ್ಲಿಸಲಿಲ್ಲ. ಬಲೆಯ ಮೂಲೆಯಿಂದ ಮೂಲೆಗೆ ಓರೆಯಾಗಿ ಒಂದು ಗೆರೆ ಎಳೆದಳು. ‘ಇದಾಗುತ್ತೆ. ಒಂದು ನಾಬ್ ಮುಂದೆ ಹೋದ್ರೆ ಇನ್ನೊಂದೂ ಜೊತೇಲಿ ಮುಂದೆ ಹೋಗ್ಲಿ, ಒಂದೇ ಲೆಕ್ಕದಲ್ಲಿ. ಆಗ ಮತ್ತೆ ನೇರ ಸಾಲು. ಅದ್ರಲ್ಲಿ ಬರೋ ಗೆರೆಗಳು ಸುಳ್ಳಲ್ಲ. ಇಂಥ ಓರೆ ದಾರಿ ನಾಲ್ಕಾರು ತಗೊಂಡು ನೋಡ್ಬೋದು. ಆದ್ರೂ ಮಷೀನ್ ನಿಲ್ಲಿಸ್ಬೇಕಾ ಬೇಡ್ವಾ ಅನ್ನೋದನ್ನ ಇದೊಂದಕ್ಕೇ ಬಿಡ್ಬೇಡಿ.’

ಕಾರ್ತಿಕ್ ಅಲ್ಲೇ ಲ್ಯಾಪ್‌ಟಾಪ್ ತೆರೆದು ಓರೆ ದಾರಿಗಳನ್ನು ಹಾಕಿ ನೋಡಿದ. ಬೇರಿಂಗ್ ಕೆಟ್ಟಿತ್ತಾ? ಇಲ್ಲ. ಗಟ್ಟಿಮುಟ್ಟಾಗಿತ್ತು. (ಸಿನಿಮಾ ಆಗಿದ್ದರೆ ಆ ಹೊತ್ತಿಗೆ ಸರಿಯಾಗಿ ಹೊಗೆ ಬರುತ್ತಿತ್ತು.) ಹಸಿರು ದೀಪ ಹೇಳಿದ್ದು ಆ ದಿನ ಸರಿಯೇ ಇತ್ತು. ಸುಮ್ಮನಿದ್ದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೂ ಆಕೆ ಸುಮ್ಮನಿರಲಿಲ್ಲ ಎನ್ನುವುದೇ ನನಗೆ ದೊಡ್ಡದಾಗಿ ಕಾಣುತ್ತದೆ. ಅದೃಷ್ಟಕ್ಕೆ ಸರಿಹೋಗುವುದು ಬೇರೆ, ಸರಿ ಇರುವುದು ಬೇರೆ.

ವಾಪಸ್ ಬರುವಾಗ ಮೆಟ್ರೊದಲ್ಲಿ ಸೀರೆಗೆ ಮೆತ್ತಿದ ಚಾಕ್‌ಪೀಸ್ ಪುಡಿ ಕೊಡವುತ್ತಾ ಕೂತಿದ್ದಳು.

‘ಕೆಲಸ ಹೋಯ್ತು ಅನ್ಸುತ್ತೆ ಕಣ್ರೀ.’

‘ಆಫೀಸಲ್ಲೇ ಹೇಳಬೋದಿತ್ತಲ್ಲ?’

‘ಹೇಳಿದ್ದೆ, ಎರಡು ಸಲ. ನೋಟ್ ಮಾಡ್ಕೊಂಡ್ರು.’ ಸೆರಗನ್ನು ಇನ್ನೊಮ್ಮೆ ಕೊಡವಿದಳು. ‘ಏನ್ ಉಪಯೋಗ ಅಂತ ಎಲ್ರೂ ಕೇಳಿದ್ರು. ಏನೂ ಇಲ್ಲ ಅಂತ ನಕ್ಕೊಂಡೇ ಬಂದೆ. ಉಪಯೋಗಕ್ಕೆ ಬಂದ ದಿನಾನೇ ಬಾಯಿ ಮುಚ್ಕೊಂಡಿದ್ರೆ ಆ ಮಾತು ನಿಜ ಆಗ್ಬಿಡ್ತಿತ್ತು.’

ನನಗೆ ಹೆಮ್ಮೆಯಾಯಿತು, ಸಂಕೋಚವಿಲ್ಲದೆ ಹೇಳುತ್ತೇನೆ, ಎದೆ ತುಂಬಿ ಬರುವಷ್ಟು ಹೆಮ್ಮೆಯಾಯಿತು. ಕೆಲಸದ ಚಿಂತೆಯೂ ಅಷ್ಟೇ ಆಯಿತು.

ಮಾರನೇ ದಿನವೇ ರಾಜಣ್ಣ ಆರ್ಡರ್ ಕೊಟ್ಟ. ಒಂದೇ ಷರತ್ತು: ಆ ಚೆಂದದ ಚಿತ್ರ ಬೇಡ, ಅಕ್ಕ ಎಳೆದ ಓರೆ ದಾರಿಗಳು ಬೇಕು. ಕಾರ್ತಿಕ್‌ನನ್ನು ಮೆಚ್ಚಬೇಕು, ಬೇರೆ ಗಿರಾಕಿಗಳ ಸ್ಕ್ರೀನಿನಿಂದಲೂ ಆ ಚಿತ್ರ ತೆಗೆಸಿದ. ಶನಿವಾರ ಅವನ ಟೀಮಿನವರೆಲ್ಲ ಗಿರಿಜೆಯ ಮುಂದೆ ಕೂತು ಪಾಠ ಹೇಳಿಸಿಕೊಂಡರು. ಕಡೆಗೂ ತನ್ನ ವಿಷಯ ಕಲಿಸಿ ಬಂದ ಆಕೆಯ ಮುಖ ನೀವು ನೋಡಬೇಕಿತ್ತು.

ಸೋಮವಾರ ಎಚ್.ಆರ್. ಕರೆದರು. ಆರ್ಡರಿಗೆ ಅಭಿನಂದನೆ ಹೇಳಿದರು, ಕಾಫಿ ಕೊಟ್ಟರು. ಆಮೇಲೆ, ಪ್ರೊಬೇಷನ್ ಇನ್ನು ಮೂರು ತಿಂಗಳು ಮುಂದಕ್ಕೆ ಎಂದರು. ಕಾರಣ? ‘ಟೆಕ್ನಿಕಲಿ ಸೂಪರ್ ಮೇಡಂ. ಕ್ಲೈಂಟ್ ಮುಂದೆ ಇನ್ನೂ ಸ್ವಲ್ಪ ಪಾಸಿಟಿವ್ ಆಗಿರ್ಬೇಕು.’

ಸಿಟ್ಟು ತಡೆಯಲಾರದೆ ರಾಜಣ್ಣನಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡು, ‘ನಂಗೆ ಅರ್ಥಾನೇ ಆಗ್ತಿಲ್ಲ ಗುರು. ನಾನು ತಗಂಡಿದ್ದೇ ಅಕ್ಕ ಆಗಲ್ಲ ಅಂದಿದ್ದಕ್ಕೆ’ ಅಂದ.

ಅಲ್ಲ ಸ್ವಾಮಿ, ಜನ್ಮದಲ್ಲಿ ಒಮ್ಮೆಯೂ ‘ಆಗಲ್ಲ’ ಅನ್ನದವರು ‘ಆಗುತ್ತೆ’ ಅಂದರೆ ನೀವಾದರೂ ನಂಬುತ್ತೀರಾ?